ಇಪ್ಪತ್ನಾಲ್ಕು ಗಂಟೆಯ ಲೆಕ್ಕ

ಐಸಿಯು ಬಾಗಿಲ ಹೊರಗೆ ಕಾದು ಕುಳಿತವರು ಕೇಳುವ ಪ್ರಶ್ನೆ ಒಂದೇ: ‘ಉಳೀತಾರಾ ಡಾಕ್ಟ್ರೇ?’ ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ: ‘ಇಪ್ಪತ್ನಾಲ್ಕು ಗಂಟೆ ಕಳೀಲಿ, ಈಗಲೇ ಏನೂ ಹೇಳೋಕಾಗಲ್ಲ.’ ಜಾರಿಕೊಳ್ಳುವ ಮಾತಿನಂತೆ ಕೇಳಿಸುವ ಈ ಉತ್ತರದ ಹಿಂದೆ ನಾಲ್ಕು ದಶಕಗಳ ಶಾಸ್ತ್ರವಿದೆ. ತೀವ್ರ ನಿಗಾ ಘಟಕ ಸೇರಿದ ರೋಗಿಯ ಮೊದಲ 24 ಗಂಟೆಗಳ ನಾಡಿ, ರಕ್ತದೊತ್ತಡ, ಉಸಿರಾಟ, ರಕ್ತಪರೀಕ್ಷೆಗಳಲ್ಲಿ ಅತಿ ಕೆಟ್ಟದ್ದನ್ನು ಆಯ್ದು, ಒಂದೊಂದಕ್ಕೂ ಅಂಕ ಕೊಟ್ಟು, ಕೂಡಿಸಿ, ಆ ಮೊತ್ತದಿಂದ ಸಾವಿನ ಸಂಭವ ಶೇಕಡಾ ಎಷ್ಟು ಎಂದು ಹೇಳುವ ಪದ್ಧತಿಗಳು ಜಗತ್ತಿನಾದ್ಯಂತ ಬಳಕೆಯಲ್ಲಿವೆ. ಈ ಅಂಕಗಳು ಎಷ್ಟು ನಿಜ ಹೇಳುತ್ತವೆ ಎಂಬುದು ಈ ಲೇಖನದ ಪ್ರಶ್ನೆ. ಅವು ಹುಟ್ಟಿದ ವಾಷಿಂಗ್ಟನ್ನಿನಲ್ಲಿ ಎಷ್ಟು ನಿಜ ಎಂಬುದಕ್ಕಿಂತ, ಚಾಮರಾಜನಗರ ತಾಲ್ಲೂಕಿನ ಕುದೇರಿನಂಥ ಊರಿನಿಂದ ಆಂಬುಲೆನ್ಸ್ ಹತ್ತಿದವರ ವಿಷಯದಲ್ಲಿ ಎಷ್ಟು ನಿಜ ಎಂಬುದು ನಮಗೆ ಮುಖ್ಯ. ಸಿಕ್ಕಿರುವ ಪುರಾವೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಅಂಕದೊಳಗೆ ರೋಗಿಯ ದೇಹವಷ್ಟೇ ಇರುವುದಿಲ್ಲ, ಆ ಅಂಕವನ್ನು ರೂಪಿಸಿದ ಆಸ್ಪತ್ರೆಗಳೂ ಅದರೊಳಗೆ ಸೇರಿಕೊಂಡಿರುತ್ತವೆ. ಆಸ್ಪತ್ರೆ ಬದಲಾದರೆ ಅಂಕದ ಅರ್ಥ ಬದಲಾಗುತ್ತದೆ. ಹಾಗಾಗಿ ಅದನ್ನು ಒಬ್ಬ ರೋಗಿಯ ಮೇಲಿನ ತೀರ್ಪಾಗಿ ಓದಬಾರದು. ನಮ್ಮ ಆಸ್ಪತ್ರೆಗಳ, ನಮ್ಮ ಜಿಲ್ಲೆಯ ಲೆಕ್ಕಪತ್ರವಾಗಿ ಓದಬೇಕು.

ಇತಿಹಾಸ ಚಿಕ್ಕದು. 1974ರಲ್ಲಿ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ನರಶಸ್ತ್ರಚಿಕಿತ್ಸಕರು ರೋಗಿಯ ಎಚ್ಚರವನ್ನು ಅಳೆಯುವ ಕ್ರಮವೊಂದನ್ನು ಕೊಟ್ಟರು. ಕಣ್ಣು ತೆರೆಯುತ್ತಾರಾ, ಮಾತಾಡುತ್ತಾರಾ, ಕೈಕಾಲು ಆಡಿಸುತ್ತಾರಾ ಎಂಬ ಮೂರನ್ನು ನೋಡಿ 3ರಿಂದ 15ರವರೆಗೆ ಅಂಕ ಕೊಡುವ ಈ ಗ್ಲಾಸ್ಗೋ ಅಳತೆಯನ್ನು ಇವತ್ತು ತಾಲ್ಲೂಕು ಆಸ್ಪತ್ರೆಯ ನರ್ಸ್ ಕೂಡ ಬರೆದಿಡುತ್ತಾರೆ. 1985ರಲ್ಲಿ ವಿಲಿಯಂ ನಾಸ್ ಮತ್ತು ಜೊತೆಗಾರರು ಅಮೆರಿಕದ 13 ಆಸ್ಪತ್ರೆಗಳ ಐದು ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆಯ ಮೇಲೆ ಅಪಾಚೆ-2 ಎಂಬ ಅಂಕಪದ್ಧತಿಯನ್ನು ಕಟ್ಟಿದರು. ದೇಹದ 12 ಅಳತೆಗಳು, ವಯಸ್ಸು, ಮೊದಲಿನಿಂದ ಇದ್ದ ದೀರ್ಘಕಾಲದ ಕಾಯಿಲೆ ಸೇರಿ ಗರಿಷ್ಠ 71 ಅಂಕ. 1993ರಲ್ಲಿ ಫ್ರಾನ್ಸಿನ ಲ ಗಾಲ್ ಮುಂದಾಳತ್ವದಲ್ಲಿ 12 ದೇಶಗಳ 13,152 ರೋಗಿಗಳಿಂದ ಸ್ಯಾಪ್ಸ್-2 ಬಂತು. 1996ರಲ್ಲಿ ಬಂದ ಸೋಫಾ ಪದ್ಧತಿ ಶ್ವಾಸಕೋಶ, ರಕ್ತ, ಯಕೃತ್ತು, ರಕ್ತಪರಿಚಲನೆ, ಮಿದುಳು, ಮೂತ್ರಪಿಂಡ ಎಂಬ ಆರಕ್ಕೂ ಸೊನ್ನೆಯಿಂದ ನಾಲ್ಕು ಅಂಕ ಕೊಡುತ್ತದೆ. ಸೋಫಾ ರೂಪಿಸಿದವರ ಉದ್ದೇಶ ಸಾವನ್ನು ಮುನ್ನುಡಿಯುವುದಾಗಿರಲಿಲ್ಲ. ಯಾವ ಅಂಗ ಎಷ್ಟು ಕೆಟ್ಟಿದೆ ಎಂದು ದಿನದಿನವೂ ವಿವರಿಸುವುದಷ್ಟೇ ಅವರಿಗೆ ಬೇಕಿತ್ತು. ಮುನ್ನುಡಿಯುವ ಕೆಲಸಕ್ಕೆ ಅದನ್ನು ಆಮೇಲೆ ನಾವು ಹಚ್ಚಿದೆವು.

ಅಂಕ ನಿಖರವೇ ಎಂದು ಕೇಳುವಾಗ ನಾವು ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದಾಗಿ ಬೆರೆಸಿಬಿಡುತ್ತೇವೆ. ಮೊದಲನೆಯದು ವಿಂಗಡಿಸುವ ಶಕ್ತಿ. ಸತ್ತ ಒಬ್ಬರನ್ನೂ ಉಳಿದ ಒಬ್ಬರನ್ನೂ ಜೋಡಿ ಮಾಡಿ ನೋಡಿದರೆ, ಸತ್ತವರ ಅಂಕವೇ ಹೆಚ್ಚಿರುವುದು ನೂರು ಜೋಡಿಗಳಲ್ಲಿ ಎಷ್ಟರಲ್ಲಿ? ಐವತ್ತರಲ್ಲಿ ಎಂದರೆ ನಾಣ್ಯ ಚಿಮ್ಮಿದಂತೆ, ನೂರಕ್ಕೆ ನೂರು ಎಂದರೆ ಪರಿಪೂರ್ಣ. ಎರಡನೆಯದು ಶೇಕಡಾವಾರಿನ ಪ್ರಾಮಾಣಿಕತೆ. ‘ಸಾವಿನ ಸಂಭವ ಶೇ 30’ ಎಂದು ಅಂಕ ಹೇಳಿದ ನೂರು ಮಂದಿಯಲ್ಲಿ ನಿಜಕ್ಕೂ ಸುಮಾರು ಮೂವತ್ತು ಮಂದಿ ಸತ್ತರೇ? ಈ ವ್ಯತ್ಯಾಸವನ್ನು ಬೆಳೆ ವಿಮೆ ಕಟ್ಟಿದ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಬೆಳೆ ಕಟಾವು ಪ್ರಯೋಗ ನಡೆಯುವುದು ಆಯ್ದ ಕೆಲವೇ ಹೊಲಗಳಲ್ಲಿ. ಅಲ್ಲಿ ಸಿಕ್ಕ ಇಳುವರಿಯಿಂದ ಇಡೀ ಪಂಚಾಯಿತಿಯ ಸರಾಸರಿ ಕಟ್ಟುತ್ತಾರೆ. ಆ ಸರಾಸರಿ ಸರಿಯಾಗಿದ್ದರೂ ನಮ್ಮ ಹೊಲದ ಜೋಳ ಒಣಗಿರಬಹುದು, ಪಕ್ಕದವರದು ತೆನೆ ತುಂಬಿರಬಹುದು. ಬೇರೆ ಹೋಬಳಿಯ ಕಟಾವನ್ನು ತಂದು ನಮ್ಮ ಊರಿಗೆ ಹಚ್ಚಿದರಂತೂ ಆ ಸರಾಸರಿಯೂ ಸುಳ್ಳಾಗುತ್ತದೆ. ಐಸಿಯು ಅಂಕದ ಕಷ್ಟವೂ ಇದೇ ಎರಡು ಬಗೆಯದು: ಗುಂಪಿನ ಸತ್ಯ ಒಬ್ಬರ ಸತ್ಯವಾಗುವುದಿಲ್ಲ, ಒಂದು ನೆಲದ ಲೆಕ್ಕ ಇನ್ನೊಂದು ನೆಲಕ್ಕೆ ಹಾಗೇ ಒಗ್ಗುವುದಿಲ್ಲ.

ಪುರಾವೆಗಳು ಏನು ಹೇಳುತ್ತವೆ? ವಿಂಗಡಿಸುವ ಶಕ್ತಿ ಸಾಮಾನ್ಯವಾಗಿ ದೇಶ ದಾಟಿದರೂ ಬಹಳ ಕುಗ್ಗುವುದಿಲ್ಲ. ರಕ್ತದೊತ್ತಡ ಕುಸಿದು, ಮೂತ್ರ ನಿಂತು, ಎಚ್ಚರ ತಪ್ಪಿದವರು ಎಲ್ಲ ಊರಿನಲ್ಲೂ ಹೆಚ್ಚು ಅಪಾಯದಲ್ಲಿರುತ್ತಾರೆ. ಕೈಕೊಡುವುದು ಶೇಕಡಾವಾರು. ಅದು ತಾನು ಹುಟ್ಟಿದ ಮನೆಯಲ್ಲೇ ಕೈಕೊಟ್ಟ ಉದಾಹರಣೆ ಇದೆ. ಅಪಾಚೆ-2 ಕಟ್ಟಿಕೊಟ್ಟ ಅದೇ 13 ಆಸ್ಪತ್ರೆಗಳನ್ನು ನಾಸ್ ತಂಡ 1986ರಲ್ಲಿ ಪರಸ್ಪರ ಹೋಲಿಸಿತು. ಒಂದು ಆಸ್ಪತ್ರೆಯಲ್ಲಿ 69 ಸಾವುಗಳ ನಿರೀಕ್ಷೆಯಿತ್ತು, ಆದದ್ದು 41. ಇನ್ನೊಂದರಲ್ಲಿ ನಿರೀಕ್ಷೆಗಿಂತ ಶೇ 58ರಷ್ಟು ಹೆಚ್ಚು ಮಂದಿ ಸತ್ತಿದ್ದರು. ವ್ಯತ್ಯಾಸಕ್ಕೆ ಕಾರಣ ಹುಡುಕಿದಾಗ, ಯಂತ್ರಗಳ ಸಂಖ್ಯೆಗಿಂತ ವೈದ್ಯರು ಮತ್ತು ನರ್ಸುಗಳ ನಡುವಿನ ಹೊಂದಾಣಿಕೆಯೇ ದೊಡ್ಡದಾಗಿ ಕಂಡಿತು. ಒಂದೇ ದೇಶದ, ಒಂದೇ ದರ್ಜೆಯ ದೊಡ್ಡ ಆಸ್ಪತ್ರೆಗಳ ನಡುವೆಯೇ ಅಂತರ ಇಷ್ಟಿದ್ದರೆ, ಅಲ್ಲಿನ ಶೇಕಡಾವಾರನ್ನು ಚಾಮರಾಜನಗರಕ್ಕೆ ತಂದಾಗ ಅಂತರ ಎಷ್ಟಿರಬಹುದು? 2005ರ ಸ್ಯಾಪ್ಸ್-3 ಈ ತೊಂದರೆಯನ್ನು ಒಪ್ಪಿಕೊಂಡು ಜಗತ್ತಿನ ಏಳು ಪ್ರದೇಶಗಳಿಗೆ ಏಳು ಬೇರೆ ಸಮೀಕರಣಗಳನ್ನು ಕೊಟ್ಟಿತು. ಆ ಏಳರಲ್ಲಿ ದಕ್ಷಿಣ ಏಷ್ಯಾ ಇಲ್ಲ.

ಒಂದು ಲೆಕ್ಕವನ್ನು ಹತ್ತಿರದಿಂದ ನೋಡೋಣ. ಅಪಾಚೆ-2ರಲ್ಲಿ 25 ಅಂಕ ಬಂದ ಒಬ್ಬ ರೋಗಿಯನ್ನು ತೆಗೆದುಕೊಳ್ಳಿ. ಸಮೀಕರಣ ಹೀಗಿದೆ: ಅಂಕವನ್ನು 0.146ರಿಂದ ಗುಣಿಸಿ, 3.517 ಕಳೆದು, ಕಾಯಿಲೆಗೆ ತಕ್ಕ ತೂಕವನ್ನು ಸೇರಿಸಬೇಕು; ಬಂದ ಸಂಖ್ಯೆಯನ್ನು ಶೇಕಡಾವಾರಿಗೆ ತಿರುಗಿಸಬೇಕು. ಕಾಯಿಲೆ ರಕ್ತದ ಸೋಂಕಾದರೆ ತೂಕ 0.113; ಆಗ ಸಾವಿನ ಸಂಭವ ಶೇ 56. ಅದೇ 25 ಅಂಕದ ರೋಗಿಯನ್ನು ‘ಔಷಧದ ಮಿತಿಮೀರಿದ ಸೇವನೆ’ ಎಂಬ ವರ್ಗಕ್ಕೆ ಸೇರಿಸಿದರೆ ತೂಕ ಋಣ 3.353, ಆಗ ಸಾವಿನ ಸಂಭವ ಶೇ 4ಕ್ಕಿಂತಲೂ ಕಡಿಮೆ. ಆ ವರ್ಗಕ್ಕೆ ಅಷ್ಟು ಹಗುರ ತೂಕ ಸಿಕ್ಕಿದ್ದು, ಅಮೆರಿಕದ ಐಸಿಯುಗಳಿಗೆ ಬರುತ್ತಿದ್ದವರು ಬಹುಪಾಲು ಮಾತ್ರೆ ನುಂಗಿದವರು ಮತ್ತು ಒಂದೆರಡು ದಿನ ಉಸಿರಾಟಕ್ಕೆ ಆಸರೆ ಕೊಟ್ಟರೆ ಎದ್ದು ಮನೆಗೆ ಹೋಗುವವರು ಎಂಬ ಕಾರಣಕ್ಕೆ. ನಮ್ಮಲ್ಲಿ ‘ಔಷಧಿ ಕುಡಿದವರೆ’ ಎಂದರೆ ಅರ್ಥವೇ ಬೇರೆ. ಅದು ಹೊಲಕ್ಕೆ ಹೊಡೆಯುವ ಔಷಧಿ. ಕಾಗದದ ಮೇಲೆ ಎರಡಕ್ಕೂ ಜಾಗ ಒಂದೇ ಕಾಲಂನಲ್ಲಿ. ಆ ಕಾಲಂ ತುಂಬಿದ ಕ್ಷಣದಲ್ಲೇ ಅಂಕ ನಮ್ಮ ರೋಗಿಯನ್ನು ಬಿಟ್ಟು ಬೇರೆ ಯಾರದೋ ಬಗ್ಗೆ ಮಾತಾಡತೊಡಗುತ್ತದೆ.

ಚಾಮರಾಜನಗರ ಜಿಲ್ಲೆಗೆ ಇದು ಪುಸ್ತಕದ ಮಾತಲ್ಲ. 2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಗೋಪುರದ ಶಂಕುಸ್ಥಾಪನೆಗೆ ಬಂದ ಜನ ಪ್ರಸಾದ ತಿಂದರು. ಅದರಲ್ಲಿ ಮೊನೊಕ್ರೋಟೋಫಾಸ್ ಎಂಬ ಕೀಟನಾಶಕ ಬೆರೆತಿತ್ತು. ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು, 17 ಮಂದಿ ತೀರಿಕೊಂಡರು. ಕಾಮಗೆರೆ, ಕೊಳ್ಳೇಗಾಲದ ಆಸ್ಪತ್ರೆಗಳಲ್ಲಿ ಮೊದಲ ಚಿಕಿತ್ಸೆ. ಆಮೇಲೆ, ಸುಳವಾಡಿಯಿಂದ ನೂರು ಕಿಲೋಮೀಟರಿಗೂ ದೂರದ ಮೈಸೂರಿಗೆ. ಅಲ್ಲಿನ ಕೆ.ಆರ್. ಆಸ್ಪತ್ರೆಯೊಂದರ ವೆಂಟಿಲೇಟರ್‌ಗಳು ಅಷ್ಟು ಜನಕ್ಕೆ ಸಾಲುವಂತಿರಲಿಲ್ಲ. ರೋಗಿಗಳನ್ನು ನಗರದ ಹಲವು ಖಾಸಗಿ ಆಸ್ಪತ್ರೆಗಳಿಗೆ ಹಂಚಬೇಕಾಯಿತು. ವಿಷ ಯಾವುದೆಂದು ಪ್ರಯೋಗಾಲಯ ಖಚಿತಪಡಿಸುವ ಹೊತ್ತಿಗೆ ದಿನಗಳು ಕಳೆದಿದ್ದವು. ಆ ರಾತ್ರಿ ಒಬ್ಬೊಬ್ಬರ ಉಳಿವನ್ನು ನಿರ್ಧರಿಸುತ್ತಿದ್ದ ಸಂಗತಿಗಳನ್ನು ಪಟ್ಟಿ ಮಾಡಿ ನೋಡಿ: ಎಷ್ಟು ತಿಂದರು, ಎಷ್ಟು ಹೊತ್ತಿಗೆ ವಾಂತಿಯಾಯಿತು, ಈ ವಿಷಕ್ಕೆ ಮಾರುಮದ್ದಾದ ಆಟ್ರೋಪಿನ್ ಮೊದಲ ಸಲ ಯಾವಾಗ ಬಿತ್ತು, ದಾರಿಯಲ್ಲಿ ಆಮ್ಲಜನಕ ಇತ್ತೇ, ಮೈಸೂರು ತಲುಪಿದಾಗ ವೆಂಟಿಲೇಟರ್ ಖಾಲಿ ಇತ್ತೇ. ಇವುಗಳಲ್ಲಿ ಒಂದಾದರೂ ಅಪಾಚೆಯ ಹನ್ನೆರಡು ಅಳತೆಗಳಲ್ಲಿ ಇಲ್ಲ. ದೇಹದ ಮೇಲೆ ಬಿದ್ದ ಅವುಗಳ ನೆರಳಷ್ಟೇ ಅಂಕಕ್ಕೆ ಕಾಣುತ್ತದೆ, ಅದೂ ತಡವಾಗಿ.

ಕೀಟನಾಶಕದ ವಿಷಯದಲ್ಲಿ ನಮಗೆ ಹತ್ತಿರದ ಪುರಾವೆ ಇರುವುದು ಶ್ರೀಲಂಕಾದಲ್ಲಿ. ಅಲ್ಲಿನ ಹೊಲಗಳೂ ನಮ್ಮಂಥವೇ, ಹೊಡೆಯುವ ಔಷಧಿಗಳೂ ನಮ್ಮಂಥವೇ. ಮೈಕೆಲ್ ಎಡಲ್‌ಸ್ಟನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ರಾಸಾಯನಿಕ ಕುಲಕ್ಕೆ ಸೇರಿದ ಮೂರು ಕೀಟನಾಶಕ ಕುಡಿದ 802 ಮಂದಿ ಇದ್ದರು. ಕ್ಲೋರ್‌ಪೈರಿಫಾಸ್ ಕುಡಿದವರಲ್ಲಿ ಶೇ 8, ಫೆಂಥಿಯಾನ್ ಕುಡಿದವರಲ್ಲಿ ಶೇ 16, ಡೈಮಿಥೋಯೇಟ್ ಕುಡಿದವರಲ್ಲಿ ಶೇ 23 ಮಂದಿ ಸತ್ತರು. ಚಿಕಿತ್ಸೆಯ ಪುಸ್ತಕದಲ್ಲಿ ಮೂರಕ್ಕೂ ಒಂದೇ ಅಧ್ಯಾಯ, ಆದರೆ ಸಾವಿನ ಪ್ರಮಾಣದಲ್ಲಿ ಮೂರು ಪಟ್ಟು ವ್ಯತ್ಯಾಸ. 2008ರಲ್ಲಿ ಅದೇ ಬಳಗ ಗ್ಲಾಸ್ಗೋ ಅಳತೆಯನ್ನೂ ವಿಷದ ತೀವ್ರತೆಯ ಇನ್ನೊಂದು ಅಂಕವನ್ನೂ ಹೋಲಿಸಿ ನೋಡಿತು. ಎರಡೂ ಸರಿಸುಮಾರು ಒಂದೇ ಮಟ್ಟದ ಕೆಲಸ ಮಾಡಿದವು. ಆದರೆ ಫೆಂಥಿಯಾನ್ ಕುಡಿದು ಸತ್ತವರಲ್ಲಿ ಅರ್ಧದಷ್ಟು ಮಂದಿಗೆ ಆಸ್ಪತ್ರೆಗೆ ಬಂದಾಗ ಇದ್ದದ್ದು ಸೌಮ್ಯ ಲಕ್ಷಣಗಳು ಮಾತ್ರ. ಹೀಗಿರುವಾಗ, ಮನೆಯವರು ಚೀಲದಲ್ಲಿ ಹಾಕಿಕೊಂಡು ತರುವ ಖಾಲಿ ಬಾಟಲಿ ಎಷ್ಟೋ ರಕ್ತಪರೀಕ್ಷೆಗಳಿಗಿಂತ ಹೆಚ್ಚಿನ ಮುನ್ಸೂಚನೆ ಕೊಡುತ್ತದೆ. ಬಾಟಲಿಯ ಲೇಬಲ್ಲಿಗೆ ಮಾತ್ರ ಯಾವ ಸಾಮಾನ್ಯ ಅಂಕಪದ್ಧತಿಯೂ ಒಂದು ಅಂಕ ಇಟ್ಟಿಲ್ಲ.

ಹಾಗಾದರೆ ವಿಷಕ್ಕೆಂದೇ ರೂಪಿಸಿದ ಅಂಕ ಬಳಸಬಹುದಲ್ಲ ಎಂದು ಕೇಳಬಹುದು. ಅಂಥದ್ದು ಇದೆ. 1993ರಲ್ಲಿ ಶ್ರೀಲಂಕಾದ ಪೆರಾದೆನಿಯದಿಂದ ಬಂದ ಅಳತೆಗೆ ರಕ್ತಪರೀಕ್ಷೆಯೇ ಬೇಡ. ಕಣ್ಣಿನ ಪಾಪೆಯ ಗಾತ್ರ, ಉಸಿರಾಟದ ವೇಗ, ನಾಡಿ, ಸ್ನಾಯುಗಳ ಅದುರುವಿಕೆ, ಎಚ್ಚರ, ಸೆಳೆತ ನೋಡಿ ಸೊನ್ನೆಯಿಂದ 11ರವರೆಗೆ ಅಂಕ ಕೊಡಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಐದು ನಿಮಿಷದಲ್ಲಿ ಮುಗಿಯುವ ಕೆಲಸ. ಆದರೆ ಒಂದು ತೊಡಕು ನೋಡಿ. ಈ ವಿಷದಿಂದ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ನಾಡಿ ಇಳಿಯುತ್ತದೆ. ಹತ್ತಿರದ ಆಸ್ಪತ್ರೆಯಲ್ಲಿ ಸರಿಯಾಗಿಯೇ ಆಟ್ರೋಪಿನ್ ಕೊಟ್ಟು ಮುಂದಕ್ಕೆ ಕಳಿಸಿದ್ದರೆ, ದೊಡ್ಡಾಸ್ಪತ್ರೆ ಸೇರುವ ಹೊತ್ತಿಗೆ ಪಾಪೆ ಅಗಲವಾಗಿರುತ್ತದೆ, ನಾಡಿ ನಿಮಿಷಕ್ಕೆ 140 ದಾಟಿರಬಹುದು. ಪೆರಾದೆನಿಯ ಅಳತೆ ಈಗ ಪಾಪೆಗೆ ಸೊನ್ನೆ, ನಾಡಿಗೆ ಸೊನ್ನೆ ಕೊಟ್ಟು ‘ಸೌಮ್ಯ’ದತ್ತ ಎಳೆಯುತ್ತದೆ. ಅಪಾಚೆ-2 ಅದೇ ನಾಡಿಗೆ ಮೂರು ಅಂಕ ಏರಿಸಿ ‘ಗಂಭೀರ’ದತ್ತ ತಳ್ಳುತ್ತದೆ. ಒಂದೇ ಚುಚ್ಚುಮದ್ದು ಒಂದು ಅಂಕವನ್ನು ಇಳಿಸಿತು, ಇನ್ನೊಂದನ್ನು ಏರಿಸಿತು. ಎರಡೂ ಅಳೆದದ್ದು ರೋಗವನ್ನಲ್ಲ, ಚಿಕಿತ್ಸೆಯನ್ನು.

ಕಾಲದ ತೊಡಕು ಇನ್ನೂ ಆಳದ್ದು. ಕೀಟನಾಶಕದ ಮೊದಲ ಬಿರುಸು ಇಳಿದು, ರೋಗಿ ಕಣ್ಣುಬಿಟ್ಟು ಮಾತಾಡಿದ ಮೇಲೆ, ಒಂದರಿಂದ ನಾಲ್ಕು ದಿನಗಳ ನಡುವೆ ಕುತ್ತಿಗೆ ಎತ್ತಲಾಗದೆ, ಉಸಿರಾಟದ ಸ್ನಾಯುಗಳು ಸೋತು ನಿಲ್ಲುವುದುಂಟು. ಈ ಸ್ಥಿತಿಯನ್ನು 1987ರಲ್ಲಿ ‘ಮಧ್ಯಂತರ ಲಕ್ಷಣಕೂಟ’ ಎಂಬ ಹೆಸರಿನಲ್ಲಿ ವಿವರಿಸಿದವರೂ ಶ್ರೀಲಂಕಾದ ಸೇನಾನಾಯಕೆ ಮತ್ತು ಕರಳ್ಳಿಯದ್ದೆ. ಮೊದಲ 24 ಗಂಟೆಯ ಅಂಕ ಹಾಕಿ ಪುಸ್ತಕ ಮುಚ್ಚಿದ ಮೇಲೆ ಬರುವ ಈ ಸಾವನ್ನು ಯಾವ ಮೊದಲ ದಿನದ ಅಂಕವೂ ಹಿಡಿಯಲಾರದು. ತಲೆದಿಂಬಿನಿಂದ ತಲೆ ಎತ್ತಲು ಆಗುತ್ತದೆಯೇ ಎಂದು ಗಂಟೆಗೊಮ್ಮೆ ನೋಡುವ ನರ್ಸ್ ಹಿಡಿಯಬಲ್ಲರು. ಕಟ್ಟುಹಾವಿನ ಕಡಿತ ಇದರ ತಿರುಗುಮುರುಗು. ಅದರ ವಿಷಕ್ಕೆ ರೆಪ್ಪೆ, ನಾಲಿಗೆ, ಕೈಕಾಲು ಎಲ್ಲವೂ ನಿಶ್ಚೇಷ್ಟಿತವಾಗುತ್ತವೆ. ಒಳಗೆ ಎಚ್ಚರವಿದ್ದರೂ ಗ್ಲಾಸ್ಗೋ ಅಳತೆ 3ಕ್ಕೆ ಇಳಿಯುತ್ತದೆ, ಅಪಾಚೆ ಅದೊಂದಕ್ಕೇ 12 ಅಂಕ ಸೇರಿಸುತ್ತದೆ. ಅಂಕ ನೋಡಿದವರು ಕೈಬಿಟ್ಟಾರು. ಆದರೆ ವೆಂಟಿಲೇಟರ್‌ನಲ್ಲಿಟ್ಟು ಕಾದರೆ ಆ ರೋಗಿ ಎದ್ದು ನಡೆದು ಮನೆಗೆ ಹೋಗುವುದು ವೈದ್ಯರಿಗೆ ಚೆನ್ನಾಗಿ ಗೊತ್ತು. ಒಬ್ಬರ ವಿಷಯದಲ್ಲಿ ಅಂಕ ಸುಳ್ಳು ಧೈರ್ಯ ಕೊಟ್ಟಿತು, ಇನ್ನೊಬ್ಬರ ವಿಷಯದಲ್ಲಿ ಸುಳ್ಳು ಭಯ. ಇಬ್ಬರ ಉಳಿವೂ ನಿಂತದ್ದು ಒಂದೇ ಪ್ರಶ್ನೆಯ ಮೇಲೆ: ಸಕಾಲಕ್ಕೆ ವೆಂಟಿಲೇಟರ್ ಮತ್ತು ಅದನ್ನು ನೋಡಿಕೊಳ್ಳುವವರು ಇದ್ದರೇ?

ಈಗ ಕುದೇರಿನಿಂದ ಹೊರಟ ಆಂಬುಲೆನ್ಸ್‌ಗೆ ಬರೋಣ. ಅದು ಹತ್ತಿರದ ಆಸ್ಪತ್ರೆ, ಚಾಮರಾಜನಗರ, ಅಲ್ಲಿಂದ ಸುಮಾರು 60 ಕಿಲೋಮೀಟರ್ ದೂರದ ಮೈಸೂರು ಎಂದು ಹಂತ ಹಂತವಾಗಿ ಸಾಗಿದರೆ, ಅಂಕದ 24 ಗಂಟೆ ಶುರುವಾಗುವುದು ಕೊನೆಯ ಹಾಸಿಗೆಯಲ್ಲಿ. ದಾರಿಯ ಸಲೈನು, ಆಮ್ಲಜನಕ, ಆಟ್ರೋಪಿನ್ ಸಂಖ್ಯೆಗಳನ್ನು ಸುಧಾರಿಸಿರುತ್ತವೆ. ದಾರಿಯಲ್ಲಿ ಕಳೆದ ಹೊತ್ತು ರೋಗಿಯನ್ನು ಹಿಂದಕ್ಕೆ ತಳ್ಳಿರುತ್ತದೆ. ಅಂಕಕ್ಕೆ ಮೊದಲನೆಯದು ಕಾಣುತ್ತದೆ, ಎರಡನೆಯದು ಕಾಣುವುದಿಲ್ಲ. ಇನ್ನೊಂದು ಅನ್ಯಾಯ ನಿಯಮದಲ್ಲೇ ಇದೆ. ಅಳೆಯದೆ ಬಿಟ್ಟ ಪರೀಕ್ಷೆಯನ್ನು ‘ಸಹಜ’ ಎಂದು ಹಿಡಿದು ಸೊನ್ನೆ ಅಂಕ ಕೊಡುವುದು ಅಪಾಚೆ ಬಳಸುವವರ ರೂಢಿ. ಅಪಧಮನಿಯ ರಕ್ತದ ಆಮ್ಲಜನಕ ಅಳೆಯುವ ಯಂತ್ರವಿಲ್ಲದ ಆಸ್ಪತ್ರೆಯಲ್ಲಿ ಎಲ್ಲರ ಆಮ್ಲಜನಕವೂ ಸಹಜವೇ! ಸೌಕರ್ಯ ಕಡಿಮೆಯಾದಷ್ಟೂ ರೋಗಿಗಳು ಕಾಗದದ ಮೇಲೆ ಆರೋಗ್ಯವಂತರಾಗುತ್ತಾರೆ. ಕೊನೆಗೆ, ಸಾವೂ ಪೂರ್ತಿ ಲೆಕ್ಕಕ್ಕೆ ಬರುವುದಿಲ್ಲ. ದುಡ್ಡು ಮುಗಿದು ಅಥವಾ ಆಸೆ ಬಿಟ್ಟು, ಸಹಿ ಹಾಕಿ ಮನೆಗೆ ಕರೆದೊಯ್ದವರು ಆಸ್ಪತ್ರೆಯ ದಾಖಲೆಯಲ್ಲಿ ‘ಬಿಡುಗಡೆ’ ಆದವರು. ದೇಶದ 124 ಐಸಿಯುಗಳ 4,209 ರೋಗಿಗಳನ್ನು ನೋಡಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಐಸಿಯು ಸಾವು ಶೇ 18ರಷ್ಟಿತ್ತು. ಆ ರಾಷ್ಟ್ರೀಯ ಸರಾಸರಿಯನ್ನು ಹಿಡಿದು ನಮ್ಮ ಜಿಲ್ಲೆಯನ್ನು ಅಳೆಯುವುದೂ ಬೇರೆ ಹೋಬಳಿಯ ಕಟಾವನ್ನು ತಂದ ಹಾಗೆಯೇ.

ಅಂಕ ಕಾಣದ ಸಂಗತಿಗಳಲ್ಲಿ ಅತಿ ಕ್ರೂರವಾದದ್ದನ್ನು ಈ ಜಿಲ್ಲೆ ಕಂಡಿದೆ. ಕೋವಿಡ್ ಕಾಲದಲ್ಲಿ, 2021ರ ಮೇ 2ರಿಂದ ಮರುದಿನದ ಬೆಳಗಿನವರೆಗೆ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ಸತ್ತರು. ಆಮ್ಲಜನಕವಿಲ್ಲದೆ ಸತ್ತವರು ಮೂವರು ಮಾತ್ರ, ಉಳಿದವರು ಕಾಯಿಲೆಯ ಗಂಭೀರತೆಯಿಂದ ತೀರಿಕೊಂಡರು ಎಂಬ ಹೇಳಿಕೆ ಸರ್ಕಾರದ ಕಡೆಯಿಂದ ಮೊದಲು ಬಂತು. ಹೈಕೋರ್ಟ್ ರಚಿಸಿದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡ ಅಧ್ಯಕ್ಷತೆಯ ಸಮಿತಿ ಆಮ್ಲಜನಕದ ಕೊರತೆಯನ್ನೇ ಎತ್ತಿ ತೋರಿಸಿತು. ಇಲ್ಲಿ ‘ಗಂಭೀರತೆ’ ಎಂಬ ಪದ ಮಾಡಿದ ಕೆಲಸವನ್ನು ಗಮನಿಸಬೇಕು. ಅಂಕ ಹೆಚ್ಚಿದ್ದವರು ಸತ್ತರೆ ಅದು ನಿರೀಕ್ಷಿತ ಸಾವು ಎಂದು ಹೇಳಿ ಮುಗಿಸಬಹುದು. ಸಂಖ್ಯೆಯೇ ಸಮಜಾಯಿಷಿ ಆಗಿಬಿಡುತ್ತದೆ. ಅದೇ ವರ್ಷ ಅಮೆರಿಕದ 18 ಐಸಿಯುಗಳ ಅಧ್ಯಯನವೊಂದು, ಕೋವಿಡ್ ನ್ಯುಮೋನಿಯಾದಿಂದ ವೆಂಟಿಲೇಟರ್ ಬೇಕಾದ 675 ರೋಗಿಗಳಲ್ಲಿ ಸೋಫಾ ಅಂಕದ ವಿಂಗಡಿಸುವ ಶಕ್ತಿ ನೂರಕ್ಕೆ 59 ಮಾತ್ರ ಎಂದು ತೋರಿಸಿತು. ಬರೀ ವಯಸ್ಸು ಕೇಳಿದ್ದರೆ 66 ಸಿಗುತ್ತಿತ್ತು. ವೆಂಟಿಲೇಟರ್ ಸಾಲದಾದಾಗ ಯಾರಿಗೆ ಕೊಡಬೇಕು ಎಂದು ತೀರ್ಮಾನಿಸಲು ಹಲವು ಕಡೆ ಇದೇ ಸೋಫಾವನ್ನು ಆಧಾರವಾಗಿ ಇಟ್ಟುಕೊಂಡಿದ್ದರು. ನಾಣ್ಯ ಚಿಮ್ಮುವುದಕ್ಕಿಂತ ತುಸುವೇ ಮೇಲಿನ ಲೆಕ್ಕವೊಂದಕ್ಕೆ ಜೀವ ಹಂಚುವ ಅಧಿಕಾರ ಸಿಕ್ಕಿತ್ತು.

ಇಷ್ಟು ಕೇಳಿದ ಮೇಲೆ ಒಬ್ಬ ಅನುಭವಿ ವೈದ್ಯರು ಹೇಳಬಹುದು: ಅಂಕ ಬದಿಗಿಡಿ, ನನ್ನ ಕಣ್ಣು ಸಾಕು. ಈ ಮಾತಿನಲ್ಲಿ ಸತ್ಯವಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಬಂದ ವಿಮರ್ಶೆಯೊಂದರಲ್ಲಿ, ಮೊದಲ 24 ಗಂಟೆಯಲ್ಲಿ ಯಾರು ಉಳಿಯುತ್ತಾರೆ, ಯಾರು ಉಳಿಯುವುದಿಲ್ಲ ಎಂದು ವಿಂಗಡಿಸುವುದರಲ್ಲಿ ವೈದ್ಯರು ಅಂಕಗಳಿಗಿಂತ ಮುಂದಿದ್ದರು. ಅದು ಸಹಜ. ಬಾಟಲಿಯ ಲೇಬಲ್ಲು, ತಲೆ ಎತ್ತಲಾಗದ ಕುತ್ತಿಗೆ, ದಾರಿಯಲ್ಲಿ ಕಳೆದ ಹೊತ್ತು ಎಲ್ಲವೂ ವೈದ್ಯರ ಕಣ್ಣಿಗೆ ಬೀಳುತ್ತವೆ. ಆದರೆ ಕಣ್ಣಿಗೆ ಎರಡು ಮಿತಿಗಳಿವೆ. ಹೊಸದಾಗಿ ಸೇರಿದ ಡ್ಯೂಟಿ ಡಾಕ್ಟರ್‌ಗೆ ಆ ಕಣ್ಣು ಇನ್ನೂ ಬಂದಿರುವುದಿಲ್ಲ, ರಾತ್ರಿ ಎರಡು ಗಂಟೆಗೆ ಇರುವವರು ಅವರೇ. ಮತ್ತೆ, ಅನುಭವ ತನ್ನ ಲೆಕ್ಕವನ್ನು ಎಲ್ಲೂ ಬರೆದಿಡುವುದಿಲ್ಲ. ಕಳೆದ ವರ್ಷ ಎಷ್ಟು ಸಲ ತಪ್ಪಾಯಿತು, ಯಾವ ಬಗೆಯ ರೋಗಿಯಲ್ಲಿ ತಪ್ಪಾಯಿತು ಎಂದು ಅನುಭವವನ್ನು ಕೇಳಿದರೆ ಉತ್ತರ ಸಿಗದು. ಬರೆದಿಟ್ಟ ಅಂಕವನ್ನು ಕೇಳಿದರೆ ಸಿಗುತ್ತದೆ. ಅಂಕದ ನಿಜವಾದ ಗುಣ ಇದು: ಅದು ತಪ್ಪಿದಾಗ ತಪ್ಪು ಕಾಣುತ್ತದೆ.

ಕಂಪ್ಯೂಟರ್ ಬುದ್ಧಿಯ ಹೊಸ ಪದ್ಧತಿಗಳು ಬಂದರೆ ಇದೆಲ್ಲ ಬಗೆಹರಿಯುತ್ತದೆ ಎಂಬುದು ಇನ್ನೊಂದು ವಾದ. ಹನ್ನೆರಡು ಅಳತೆಗಳ ಬದಲು ನೂರಾರು ಅಳತೆಗಳನ್ನು, ಗಂಟೆಗೊಮ್ಮೆ ಬದಲಾಗುವ ಸಂಖ್ಯೆಗಳನ್ನು ಯಂತ್ರ ಓದಬಲ್ಲದು ನಿಜ. ಆದರೆ ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದ, ರಕ್ತದ ಸೋಂಕನ್ನು ಮುಂಚೆಯೇ ಹಿಡಿಯುತ್ತದೆ ಎನ್ನಲಾದ ಒಂದು ಪದ್ಧತಿಯನ್ನು ಮಿಶಿಗನ್ ವಿಶ್ವವಿದ್ಯಾಲಯದ ತಂಡ 2021ರಲ್ಲಿ ಸ್ವತಂತ್ರವಾಗಿ ಪರೀಕ್ಷಿಸಿದಾಗ, ತಯಾರಕರು 76ರಿಂದ 83 ಎಂದಿದ್ದ ವಿಂಗಡಿಸುವ ಶಕ್ತಿ 63ಕ್ಕೆ ಇಳಿದಿತ್ತು. ಮೂರರಲ್ಲಿ ಎರಡು ಪ್ರಕರಣಗಳು ಅದರ ಕಣ್ತಪ್ಪಿಸಿದ್ದವು. ಅಪಾಚೆಯ ಕಥೆಯೇ ಮತ್ತೆ ನಡೆಯಿತು. ಒಂದು ಕಡೆಯ ದಾಖಲೆಯಲ್ಲಿ ಕಲಿತದ್ದನ್ನು ಇನ್ನೊಂದು ಕಡೆ ಹಚ್ಚಿದರೆ ಲೆಕ್ಕ ಸಡಿಲವಾಗುತ್ತದೆ. ಅಳತೆಗಳು ಹೆಚ್ಚಾದಷ್ಟೂ ಅವುಗಳಲ್ಲಿ ಅಡಗಿ ಕೂರುವ ಆಸ್ಪತ್ರೆಯೂ ಹೆಚ್ಚುತ್ತದೆ. ಯಂತ್ರ ನಮ್ಮ ಜಿಲ್ಲೆಯಿಂದ ಕಲಿಯಬೇಕಾದರೆ ಮೊದಲು ನಮ್ಮ ಜಿಲ್ಲೆ ತನ್ನ ದಾಖಲೆಯನ್ನು ಬರೆದಿಡಬೇಕು.

ಹಾಗಾದರೆ ಅಂಕವನ್ನು ಬಿಟ್ಟೇಬಿಡೋಣವೇ? ಬಿಡಬಾರದು. ಸರಿಯಾದ ಕೆಲಸಕ್ಕೆ ಹಚ್ಚಿದರೆ ಅದರಷ್ಟು ಉಪಕಾರಿ ಇನ್ನೊಂದಿಲ್ಲ. ಮೊದಲ ಕೆಲಸ, ಒಂದು ದಿನದ ಮೊತ್ತದ ಬದಲು ಏರಿಳಿತ ನೋಡುವುದು. 2001ರಲ್ಲಿ ಬೆಲ್ಜಿಯಂನಿಂದ ಬಂದ ಅಧ್ಯಯನದಲ್ಲಿ, ಮೊದಲ ಅಂಕ ಎಷ್ಟೇ ಇರಲಿ, ಮೊದಲ 48 ಗಂಟೆಯಲ್ಲಿ ಸೋಫಾ ಏರಿದವರಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಸತ್ತಿದ್ದರು. ಏರುತ್ತಿರುವ ಅಂಕ ಎಂದರೆ ಚಿಕಿತ್ಸೆ ಬದಲಿಸಿ, ಬೇಗ ದೊಡ್ಡಾಸ್ಪತ್ರೆಗೆ ಕಳಿಸಿ ಎಂಬ ಕೂಗು. ಎರಡನೆಯದು, ನಮ್ಮ ನೆಲದ ಅಳತೆಗಳನ್ನು ಬಳಸುವುದು. ಭಾರತ, ಬಾಂಗ್ಲಾದೇಶ, ನೇಪಾಳ, ಶ್ರೀಲಂಕಾದ ಐಸಿಯುಗಳ ದಾಖಲೆಯಿಂದ 2017ರಲ್ಲಿ ರೂಪಿಸಿದ ಟ್ರಾಪಿಕ್ಸ್ ಎಂಬ ಅಂಕಕ್ಕೆ ಉಸಿರಾಟದ ವೇಗ, ರಕ್ತದೊತ್ತಡ, ಎಚ್ಚರ, ಯೂರಿಯಾ, ಹಿಮೋಗ್ಲೋಬಿನ್‌ನಂಥ ಎಲ್ಲ ಕಡೆ ಸಿಗುವ ಅಳತೆಗಳೇ ಸಾಕು. ಭಾರತದ ಐಸಿಯುಗಳ ದಾಖಲೆ ಜಾಲವೊಂದು 2019ರಿಂದ ನಡೆಯುತ್ತಿದೆ. ಮೂರನೆಯದು ಮತ್ತು ಎಲ್ಲಕ್ಕಿಂತ ದೊಡ್ಡದು, ಆದ ಸಾವನ್ನು ನಿರೀಕ್ಷಿತ ಸಾವಿನಿಂದ ಭಾಗಿಸಿ ನೋಡುವುದು. ಇದಕ್ಕೆ ಕಾಗದದ ಅಂಕವೂ ಪ್ರಾಮಾಣಿಕ ದಾಖಲೆಯೂ ಇದ್ದರೆ ಆಯಿತು. ಚಾಮರಾಜನಗರದಲ್ಲಿ 2021ರ ಅಕ್ಟೋಬರ್ 7ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದ, 450 ಹಾಸಿಗೆಗಳ ಬೋಧನಾ ಆಸ್ಪತ್ರೆ ಇದೆ, ವೈದ್ಯ ವಿದ್ಯಾರ್ಥಿಗಳಿದ್ದಾರೆ. ಔಷಧಿ ಕುಡಿದು ಬಂದವರ, ಹಾವು ಕಡಿದವರ ಅಂಕ, ಬಂದ ಹೊತ್ತು, ಬಾಟಲಿಯ ಹೆಸರು, ಮನೆಗೆ ಕರೆದೊಯ್ದವರು ಒಂದು ತಿಂಗಳ ಮೇಲೆ ಹೇಗಿದ್ದಾರೆ ಎಂಬುದನ್ನು ಎರಡು ಮೂರು ವರ್ಷ ಬರೆದಿಟ್ಟರೆ, ಈ ಜಿಲ್ಲೆಗೆ ತನ್ನದೇ ಸಮೀಕರಣ ಸಿಗುತ್ತದೆ.

ಕೆಲಸದ ಹೊರೆಯಲ್ಲಿರುವ ಸಿಬ್ಬಂದಿಗೆ ಇದು ಇನ್ನೊಂದು ಕಾಗದದ ಹೊರೆ, ಮೇಲಿನವರ ಕೈಗೆ ಇನ್ನೊಂದು ಕೋಲು ಎಂಬ ಆತಂಕ ನ್ಯಾಯವಾದದ್ದು. ನಿರೀಕ್ಷೆಗಿಂತ ಹೆಚ್ಚು ಸಾವು ಕಂಡ ಕೂಡಲೇ ಡ್ಯೂಟಿಯಲ್ಲಿದ್ದವರಿಗೆ ನೋಟಿಸ್ ಕೊಟ್ಟರೆ ಮರುದಿನದಿಂದ ಅಂಕಗಳು ತಾವೇ ಏರುತ್ತವೆ, ದಾಖಲೆ ಸುಳ್ಳಾಗುತ್ತದೆ. ಹೆಚ್ಚುವರಿ ಸಾವಿನ ಪ್ರಶ್ನೆಯನ್ನು ಮೊದಲು ಕೇಳಬೇಕಾದ್ದು ಹಾಸಿಗೆಯ ಪಕ್ಕದಲ್ಲಿ ನಿಂತವರನ್ನಲ್ಲ. ವೆಂಟಿಲೇಟರ್ ಎಷ್ಟಿವೆ, ರಾತ್ರಿ ಪಾಳಿಗೆ ನರ್ಸ್ ಎಷ್ಟು ಮಂದಿ, ಆಟ್ರೋಪಿನ್ ದಾಸ್ತಾನು ಎಷ್ಟು, ಆಮ್ಲಜನಕದ ಟ್ಯಾಂಕಿನ ಒತ್ತಡ ಎಷ್ಟಕ್ಕೆ ಇಳಿದರೆ ಯಾರಿಗೆ ಕರೆ ಹೋಗಬೇಕು ಎಂದು ವ್ಯವಸ್ಥೆಯನ್ನು ಕೇಳಬೇಕು. ರೋಗಿಗಳ ಅಂಕ ಬರೆಯುವ ಪುಟದಲ್ಲೇ ಆಸ್ಪತ್ರೆಯ ಈ ನಾಲ್ಕು ಸಂಖ್ಯೆಗಳಿಗೂ ಒಂದು ಸಾಲು ಇರಲಿ. ಹಾಗೆ ಬರೆದಿದ್ದರೆ 2021ರ ಆ ರಾತ್ರಿಯ ಅಪಾಯ ರೋಗಿಗಳ ರಕ್ತಪರೀಕ್ಷೆಗಿಂತ ಮೊದಲು ಟ್ಯಾಂಕಿನ ಸಾಲಿನಲ್ಲಿ ಕಾಣುತ್ತಿತ್ತು.

ಕೊನೆಗೆ ಐಸಿಯು ಬಾಗಿಲಿಗೆ, ಅದೇ ಪ್ರಶ್ನೆಗೆ ಬರಬೇಕು. ಸಂಖ್ಯೆಗೆ ತನ್ನನ್ನು ತಾನೇ ನಿಜ ಮಾಡಿಕೊಳ್ಳುವ ಶಕ್ತಿಯಿದೆ. ‘ಶೇ 80 ಸಾವು’ ಎಂದು ಕೇಳಿದ ಮನೆಯವರು ಸಾಲ ಮಾಡುವುದನ್ನು ನಿಲ್ಲಿಸುತ್ತಾರೆ, ವೈದ್ಯರ ಕೈ ತುಸು ಸಡಿಲವಾಗುತ್ತದೆ, ರೋಗಿ ಸಾಯುತ್ತಾರೆ, ಅಂಕ ಸರಿಯಾಗಿತ್ತು ಎಂದು ದಾಖಲಾಗುತ್ತದೆ. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಘನತೆಯ ಸಾವಿನ ಹಕ್ಕನ್ನು ಜಾರಿಗೆ ತರುವ ಆದೇಶ ಹೊರಡಿಸಿದಾಗ, ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವ ತೀರ್ಮಾನವನ್ನು ವೈದ್ಯರ ಎರಡು ಮಂಡಳಿಗಳಿಗೂ ಕುಟುಂಬದವರ ಒಪ್ಪಿಗೆಗೂ ಒಪ್ಪಿಸಿತು. ಯಾವ ಅಂಕಕ್ಕೂ ಒಪ್ಪಿಸಲಿಲ್ಲ. ಆ ವಿವೇಕ ದಿನನಿತ್ಯದ ಮಾತಿಗೂ ಬರಬೇಕು. ‘ಇಂಥ ಸ್ಥಿತಿಯಲ್ಲಿ ಬಂದ ಹತ್ತು ಮಂದಿಯಲ್ಲಿ ನಮ್ಮಲ್ಲಿ ಆರು ಮಂದಿ ಉಳಿದಿದ್ದಾರೆ, ನಾಳೆ ಸಂಜೆ ಹೊತ್ತಿಗೆ ಯಾವ ಕಡೆಗೆ ಎಂದು ತಿಳಿಯುತ್ತದೆ’ ಎಂದು ಹೇಳಲು ವೈದ್ಯರಿಗೆ ಸಾಧ್ಯವಾಗಬೇಕು. ಆ ವಾಕ್ಯದಲ್ಲಿ ಬೆಲೆಬಾಳುವ ಪದ ‘ನಮ್ಮಲ್ಲಿ’ ಎಂಬುದು. ಇವತ್ತು ಆ ಪದವನ್ನು ಎದೆಮುಟ್ಟಿ ಹೇಳಲು ಬೇಕಾದ ದಾಖಲೆ ನಮ್ಮ ಕೈಯಲ್ಲಿಲ್ಲ; ಬೇರೆಯವರ ಹೊಲದ ಇಳುವರಿಯನ್ನು ಓದಿ ಹೇಳುತ್ತಿದ್ದೇವೆ. ಇಪ್ಪತ್ನಾಲ್ಕು ಗಂಟೆ ಕಾಯಿರಿ ಎಂದು ಮನೆಯವರಿಗೆ ಹೇಳುವಷ್ಟೂ ದಿನ, ಆ ಇಪ್ಪತ್ನಾಲ್ಕು ಗಂಟೆಯಲ್ಲಿ ನಾವು ಏನು ಮಾಡಿದೆವು ಎಂಬ ಲೆಕ್ಕವನ್ನೂ ಬರೆದಿಡುವ ಋಣ ನಮ್ಮ ಮೇಲಿದೆ.